ಒಲೆಗಿಂತ ಮೊದಲು ನೀರು: ಕೋಯಂಬೇಡಿನಲ್ಲಿ ಅಡುಗೆಮನೆಯ ಮರುವಿನ್ಯಾಸ

ಚೆನ್ನೈ ನಗರದ ಪಶ್ಚಿಮ ಭಾಗದಲ್ಲಿರುವ ಕೋಯಂಬೇಡು, ಜಾರ್ಜ್‌ಟೌನಿನ ಇಕ್ಕಟ್ಟಾದ ಕೊತ್ತವಾಲ್ ಚಾವಡಿಯಲ್ಲಿ ನಡೆಯುತ್ತಿದ್ದ ಸಗಟು ವ್ಯಾಪಾರ 1996ರಲ್ಲಿ ಅಲ್ಲಿಗೆ ವರ್ಗವಾದಂದಿನಿಂದ, ಇಡೀ ಮಹಾನಗರದ ಅಡುಗೆಗೆ ಪದಾರ್ಥ ಒದಗಿಸುವ ಊರಾಗಿದೆ. ಕೋಲಾರದ ಟೊಮೆಟೊ, ಮಾಲೂರು ಕಡೆಯ ತರಕಾರಿ, ಮಹಾರಾಷ್ಟ್ರದ ಈರುಳ್ಳಿ ಹೊತ್ತ ಲಾರಿಗಳು ನಡುರಾತ್ರಿಯಿಂದಲೇ ಬಂದು ನಿಲ್ಲುವ ಈ ಮಾರುಕಟ್ಟೆಯ ಬಳಿಗೆ 2002ರಲ್ಲಿ ದೂರದೂರುಗಳ ಬಸ್ ನಿಲ್ದಾಣ ಬಂತು; 2015ರಲ್ಲಿ ಚೆನ್ನೈ ಮೆಟ್ರೊದ ಮೊದಲ ರೈಲು ಓಡಿದ್ದು ಕೋಯಂಬೇಡಿನಿಂದ ಆಲಂದೂರಿನವರೆಗೆ. ಅಣ್ಣಾನಗರ, ಅರುಂಬಾಕ್ಕಂ, ವಿರುಗಂಬಾಕ್ಕಂ, ನೆರ್ಕುಂಡ್ರಂಗಳ ನಡುವೆ ಹರಡಿಕೊಂಡಿರುವ ಇಲ್ಲಿನ ಹಳೆಯ ಫ್ಲ್ಯಾಟುಗಳಿಗೂ ಬಿಡಿ ಮನೆಗಳಿಗೂ ಈಗ ದುರಸ್ತಿಯ ಕಾಲ ಬಂದಿದ್ದು, ದುರಸ್ತಿ ಎಂದೊಡನೆ ಹೆಚ್ಚಿನ ಮನೆಗಳಲ್ಲಿ ಮೊದಲು ಒಡೆಸುವುದು ಅಡುಗೆಮನೆಯ ಗೋಡೆಯನ್ನೇ.

ಒಡೆದ ಮೇಲೆ ಏನನ್ನು ಕಟ್ಟಬೇಕು ಎಂಬ ಪ್ರಶ್ನೆಗೆ ಸಿದ್ಧ ಉತ್ತರ ಹಿಡಿದು ಬರುವುದು ಮಾಡ್ಯುಲರ್ ಅಡುಗೆಮನೆಗಳ ಅಂಗಡಿ. ಬಣ್ಣದ ಬಾಗಿಲುಗಳು, ತಾನಾಗಿ ಮುಚ್ಚಿಕೊಳ್ಳುವ ಡ್ರಾಯರುಗಳು, ಹೊಳೆಯುವ ಚಿಮಣಿ ಎಲ್ಲವೂ ಆ ಉತ್ತರದಲ್ಲಿ ಇರುತ್ತವೆ. ಆದರೆ ಆ ಮನೆಯಲ್ಲಿ ದಿನಾ ಏನನ್ನು ರುಬ್ಬುತ್ತಾರೆ, ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಮುಸುರೆ ಪಾತ್ರೆ ಎಲ್ಲಿ ಬೀಳುತ್ತದೆ ಎಂಬ ವಿಚಾರಣೆ ಅಪರೂಪ. ಅಡುಗೆಮನೆಯ ವಿನ್ಯಾಸವೆಂದರೆ ಮೂಲತಃ ಪದಾರ್ಥ, ನೀರು, ಬೆಂಕಿ, ಕಸ ಈ ನಾಲ್ಕೂ ಓಡಾಡುವ ದಾರಿಯ ನಿರ್ಣಯ. ಬಾಗಿಲಿನ ಬಣ್ಣವನ್ನು ಆರಿಸುವುದು ಆ ದಾರಿ ನಿಶ್ಚಯವಾದ ಮೇಲಿನ ಮಾತು.

ಈ ಅಂಗಡಿಗಳ ವಿನ್ಯಾಸಕಾರರು ಪಾಠದಂತೆ ಒಪ್ಪಿಸುವ ‘ಕೆಲಸದ ತ್ರಿಕೋನ’ಕ್ಕೆ ಗೌರವಯೋಗ್ಯವಾದ ಒಂದು ಚರಿತ್ರೆಯಿದೆ. ಕಾರ್ಖಾನೆಗಳಲ್ಲಿ ಕಾರ್ಮಿಕರ ಚಲನೆಯನ್ನು ಅಳೆದು ಅನಗತ್ಯ ಶ್ರಮವನ್ನು ಕಡಿಮೆ ಮಾಡುವ ವಿಧಾನ ಅಮೆರಿಕದಲ್ಲಿ ಬೆಳೆಯುತ್ತಿದ್ದ ಕಾಲದಲ್ಲಿ ಅದನ್ನು ಮನೆಗೆಲಸಕ್ಕೆ ಅನ್ವಯಿಸಿದವರು ಕ್ರಿಸ್ಟೀನ್ ಫ್ರೆಡರಿಕ್. 1912ರಿಂದ ಮಹಿಳಾ ಪತ್ರಿಕೆಯೊಂದರಲ್ಲಿ ಅವರು ಬರೆದ ಲೇಖನಗಳು, ಪಾತ್ರೆ ಒಂದು ಮೂಲೆಯಲ್ಲಿ, ಒಲೆ ಇನ್ನೊಂದು ಮೂಲೆಯಲ್ಲಿ ಇರುವ ಅಡುಗೆಮನೆಯಲ್ಲಿ ಗೃಹಿಣಿ ಸುಮ್ಮನೆ ಎಷ್ಟು ನಡೆಯುತ್ತಾಳೆ ಎಂಬುದನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿದವು. ಆ ಬರಹಗಳ ಪ್ರಭಾವದಲ್ಲಿ ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೇಟೆ ಶ್ಯೂಟೆ-ಲಿಹೊಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಸಾರ್ವಜನಿಕ ವಸತಿಗಳಿಗಾಗಿ 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆಯನ್ನು ರೂಪಿಸಿದರು. ರೈಲಿನ ಊಟದ ಬೋಗಿಯ ಅಡುಗೆಮನೆಯನ್ನು ಗಮನಿಸಿ, ಕೈಚಾಚಿದರೆ ಸಿಗುವ ಅಂತರದಲ್ಲಿ ಎಲ್ಲವನ್ನೂ ಜೋಡಿಸಿದ ಆ ಮಾದರಿ ಸುಮಾರು 10,000 ಮನೆಗಳಲ್ಲಿ ಕಟ್ಟಲ್ಪಟ್ಟಿತು. ಇಂದಿನ ಮಾಡ್ಯುಲರ್ ಅಡುಗೆಮನೆಯ ಮೂಲ ಅದೇ. ಮುಂದೆ 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಒಲೆ, ಸಿಂಕು, ಫ್ರಿಜ್ಜು ಈ ಮೂರನ್ನು ಕಾಲ್ಪನಿಕ ಗೆರೆಗಳಿಂದ ಸೇರಿಸಿ, ಒಂದೊಂದು ಗೆರೆ 4ರಿಂದ 9 ಅಡಿ, ಮೂರೂ ಸೇರಿ 13ರಿಂದ 26 ಅಡಿ ಇರಬೇಕೆಂಬ ಸೂತ್ರವನ್ನು ಬಳಕೆಗೆ ತಂದರು. ಕೋಯಂಬೇಡಿನ ಫ್ಲ್ಯಾಟಿಗೂ ಇಂದು ಅನ್ವಯಿಸಲಾಗುತ್ತಿರುವುದು ಇದೇ ಸೂತ್ರ.

ಸೂತ್ರದಲ್ಲಿ ದೋಷವಿಲ್ಲ, ಅದು ಬೇರೊಂದು ಊಟವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು, ಅಷ್ಟೆ. ವಾರದ ಮಾಂಸ, ಹಾಲು, ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದು, ತೊಳೆದು, ಬೇಯಿಸುವ ಅಡುಗೆಗೆ ಫ್ರಿಜ್ಜು ಒಂದು ಶೃಂಗವಾಗುವುದು ಸಹಜ. ಅಕ್ಕಿ, ಉದ್ದು ನೆನೆಹಾಕಿ ರುಬ್ಬಿ ಹುದುಗು ಬರಿಸುವ, ತೆಂಗಿನಕಾಯಿ ತುರಿದು ಮಸಾಲೆಯೊಡನೆ ಅರೆದು ಹುಳಿಗೆ ಬೆರೆಸುವ, ಕುಕ್ಕರಿನಲ್ಲಿ ಬೇಳೆ ಬೇಯುತ್ತಿರುವಾಗಲೇ ಪಕ್ಕದ ಒಲೆಯಲ್ಲಿ ಒಗ್ಗರಣೆ ಹಾಕುವ ಮನೆಯಲ್ಲಿ ರುಬ್ಬುವ ಜಾಗವೇ ಒಲೆಯ ನಂತರದ ಮುಖ್ಯ ಸ್ಥಾನ. ಫ್ರಿಜ್ಜು ಅಡುಗೆಮನೆಯ ಬಾಗಿಲಾಚೆ ನಡುಮನೆಯಲ್ಲಿದ್ದರೂ ಅಡುಗೆ ನಿಲ್ಲುವುದಿಲ್ಲ. ಹಿಂದಿನ ಮನೆಗಳಲ್ಲಿ ಒರಳುಕಲ್ಲನ್ನು ನೆಲಕ್ಕೆ ಹೂತು ಅದರ ಸುತ್ತ ಕೂರುವಷ್ಟು, ನೀರು ಹರಿದುಹೋಗುವಷ್ಟು ಜಾಗ ಬಿಡುತ್ತಿದ್ದರು. ಆ ಕೆಲಸವನ್ನು ಈಗ ಮಾಡುವ ವೆಟ್ ಗ್ರೈಂಡರಿಗೆ ಹೊಸ ವಿನ್ಯಾಸಗಳಲ್ಲಿ ಒಂದು ಅಡಿ ಜಾಗವನ್ನೂ ಗುರುತಿಸದೆ, ಕೊನೆಗೆ ಅದನ್ನು ಕೆಳಗಿನ ಕಪಾಟಿನೊಳಗೆ ತುರುಕಿ, ಬೇಕಾದಾಗಲೆಲ್ಲ ಕಲ್ಲುಗಳ ಸಮೇತ ಎತ್ತಿ ಇಳಿಸಬೇಕಾಗುವುದು ವಿನ್ಯಾಸಕಾರನ ಅಜ್ಞಾನದ ಶಿಕ್ಷೆಯನ್ನು ಅಡುಗೆ ಮಾಡುವವರ ಬೆನ್ನು ಅನುಭವಿಸುವ ಸ್ಥಿತಿ.

ನೀರು, ಮನೆ, ಅಡುಗೆ ಈ ಮೂರನ್ನೂ ಒಟ್ಟಾಗಿ ಯೋಚಿಸುವ ಕ್ರಮ ಕನ್ನಡಕ್ಕೆ ಹೊಸದಲ್ಲ. 11ನೆಯ ಶತಮಾನದ ಆರಂಭದಲ್ಲಿ ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ ಎಂಬ ವಿಶ್ವಕೋಶದಂತಹ ಗ್ರಂಥದಲ್ಲಿ ಮನೆ ಕಟ್ಟುವ ವಾಸ್ತು, ನೆಲದಡಿಯ ನೀರನ್ನು ಗುರುತಿಸುವ ಉದಕಾರ್ಗಳ, ಅಡುಗೆಯ ಸೂಪಶಾಸ್ತ್ರ ಇವು ಒಂದೇ ಹೊತ್ತಗೆಯ ಅಧ್ಯಾಯಗಳಾಗಿ ಬರುತ್ತವೆ. ಚೆನ್ನೈಗೆ ಇನ್ನೂ ಹತ್ತಿರದ ನಿದರ್ಶನವೂ ಉಂಟು. ದಕ್ಷಿಣ ಕನ್ನಡದ ಕಡಂದಲೆಯಿಂದ ಮದರಾಸಿಗೆ ಬಂದು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಸ್ಥಾಪಿಸಿದ ಕೆ. ಕೃಷ್ಣರಾಯರಂಥವರು ಈ ನಗರಕ್ಕೆ ಪರಿಚಯಿಸಿದ ಉಡುಪಿ ಹೋಟೆಲಿನ ಪರಂಪರೆಯಲ್ಲಿ ಉಗ್ರಾಣ, ಹೆಚ್ಚುವ ಜಾಗ, ರುಬ್ಬುವ ಜಾಗ, ಒಲೆ, ಬಡಿಸಲು ಕೊಡುವ ಕಟ್ಟೆ, ಪಾತ್ರೆ ತೊಳೆಯುವ ತಾಣ ಇವು ಬೇರೆಬೇರೆಯಾಗಿದ್ದು, ಎಂಜಲು ಪಾತ್ರೆ ಹಿಂದಿರುಗುವ ದಾರಿ ಬೆಂದ ಅನ್ನ ಹೊರಹೋಗುವ ದಾರಿಯನ್ನು ಅಡ್ಡಹಾಯದಂತೆ ನೋಡಿಕೊಳ್ಳುವುದು ವ್ಯವಸ್ಥೆಯ ಪ್ರಾಣ. ಮಡಿ-ಮೈಲಿಗೆಯ ಆಚಾರವಾಗಿ ಬಂದ ಈ ವಿಂಗಡಣೆಯಲ್ಲಿ ನೈರ್ಮಲ್ಯದ ಗಟ್ಟಿ ತಿಳಿವಳಿಕೆಯೂ ಇದೆ; ಆಚಾರವನ್ನು ಬಿಟ್ಟವರೂ ಈ ತಿಳಿವಳಿಕೆಯನ್ನು ಉಳಿಸಿಕೊಳ್ಳುವುದು ಒಳಿತು. ಎಂಟು ಅಡಿ ಉದ್ದದ ಮನೆಯ ಕಟ್ಟೆಗೂ ಇದೇ ಕ್ರಮ ಹೊಂದುತ್ತದೆ: ಒಂದು ತುದಿಯಲ್ಲಿ ಹಸಿ ಪದಾರ್ಥ ಒಳಬಂದು, ತೊಳೆದು, ಹೆಚ್ಚಿ, ರುಬ್ಬಿ, ಬೆಂದು, ಇನ್ನೊಂದು ತುದಿಯಿಂದ ಬಡಿಸಲು ಹೋಗಬೇಕು; ತೊಳೆಯುವ ಪಾತ್ರೆ ಈ ಸಾಲನ್ನು ಮುಟ್ಟದೆ ಹಿಂಭಾಗದ ಯುಟಿಲಿಟಿಗೆ, ಅಂದರೆ ಪಾತ್ರೆ-ಬಟ್ಟೆ ತೊಳೆಯಲೆಂದು ಅಡುಗೆಮನೆಗೆ ಅಂಟಿಸಿ ಬಿಟ್ಟ ಕಿರುಅಂಗಳಕ್ಕೆ, ಸೇರಬೇಕು.

ಸಗಟು ಮಾರುಕಟ್ಟೆಯ ಪಕ್ಕದ ವಾಸ ಈ ಸಾಲಿನ ಮೊದಲ ತುದಿಗೆ ವಿಶೇಷ ಒತ್ತಡ ತರುತ್ತದೆ. ಬೀದಿಯ ಅಂಗಡಿಯಲ್ಲಿ ಕಾಲು ಕಿಲೋ ಕೊಳ್ಳುವ ಮನೆಗೂ, ಮಾರುಕಟ್ಟೆಯಿಂದ ವಾರಕ್ಕಾಗುವಷ್ಟು ಈರುಳ್ಳಿ, ಆಲೂಗಡ್ಡೆ, ಸೊಪ್ಪಿನ ಕಟ್ಟು, ತೆಂಗಿನಕಾಯಿ, ಬಾಳೆದಿಂಡನ್ನು ಚೀಲದಲ್ಲಿ ಹೊತ್ತು ತರುವ ಮನೆಗೂ ಬೇಕಾಗುವ ಅಡುಗೆಮನೆ ಒಂದೇ ಅಲ್ಲ. ಮಣ್ಣು ಹತ್ತಿದ ಚೀಲವನ್ನು ಇಳಿಸಲು, ಸೊಪ್ಪು ಬಿಡಿಸಲು, ಕೊಳೆತದ್ದನ್ನು ಬೇರ್ಪಡಿಸಲು ಬಾಗಿಲ ಬಳಿಯಲ್ಲೇ, ಸಾಧ್ಯವಾದರೆ ಯುಟಿಲಿಟಿಯಲ್ಲೇ, ತಗ್ಗಾದ ಒಂದು ಕಲ್ಲಿನ ಹಲಗೆ ಮತ್ತು ನಲ್ಲಿ ಇದ್ದರೆ ಒಳಗಿನ ಕಟ್ಟೆ ಸ್ವಚ್ಛವಾಗಿ ಉಳಿಯುತ್ತದೆ. ಈರುಳ್ಳಿ, ಆಲೂಗಡ್ಡೆಗಳನ್ನು ಗಾಳಿಯಾಡುವ ತಂತಿಯ ಬುಟ್ಟಿಗಳಲ್ಲಿ, ಒಂದನ್ನೊಂದು ತಾಗದಂತೆ ಇಡಬೇಕು. ಮುಚ್ಚಿದ ಡ್ರಾಯರಿನಲ್ಲಿ ಚೆನ್ನೈನ ತೇವದ ಸೆಕೆಗೆ ಅವು ಬೇಗನೆ ಮೊಳೆಯುತ್ತವೆ ಇಲ್ಲವೇ ಕೊಳೆಯುತ್ತವೆ. ನೆಲದ ಮೇಲೆ ಈಳಿಗೆಮಣೆ ಹಾಕಿ ಕೂತು ಹೆಚ್ಚುವ ಅಭ್ಯಾಸವಿರುವ ಹಿರಿಯರು ಮನೆಯಲ್ಲಿದ್ದರೆ, ಓಡಾಟದ ದಾರಿಯಿಂದ ಹೊರಗೆ ಮೂರಡಿ ಚೌಕದ ನೆಲವನ್ನು ಬಿಡುವುದನ್ನು ಹಳೆಯ ಕಾಲದ ಹಟವೆಂದು ತಳ್ಳಿಹಾಕಬಾರದು. ಆ ಮನೆಯ ಅರ್ಧ ತರಕಾರಿಯನ್ನು ಹೆಚ್ಚಿಕೊಡುವವರು ಅವರೇ.

ಚೆನ್ನೈನಲ್ಲಿ ಅಡುಗೆಮನೆಯ ನಕ್ಷೆಯನ್ನು ಕೊನೆಗೂ ನಿರ್ಧರಿಸುವುದು ನೀರು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಎಂಬ ನಾಲ್ಕು ಜಲಾಶಯಗಳೂ 2019ರ ಜೂನ್ ಹೊತ್ತಿಗೆ ಬಹುತೇಕ ಬತ್ತಿ, ಬಡಾವಣೆಗಳು ಲಾರಿ ನೀರಿಗಾಗಿ ಕೊಡಗಳ ಸಾಲು ಹಚ್ಚಿದ್ದನ್ನು ಈ ನಗರ ಮರೆತಿಲ್ಲ. ಸಾಮಾನ್ಯ ವರ್ಷದಲ್ಲೂ ಇಲ್ಲಿನ ಅನೇಕ ಮನೆಗಳಿಗೆ ಬರುವುದು ಒಂದೇ ನೀರಲ್ಲ: ಕುಡಿಯಲು, ಬೇಯಿಸಲು ಮೆಟ್ರೊ ವಾಟರ್ ಸಂಸ್ಥೆ ಸಂಪಿಗೆ ಬಿಡುವ ನೀರು ಅಥವಾ 20 ಲೀಟರಿನ ಕ್ಯಾನ್ ನೀರು, ತೊಳೆಯಲು ಗಡಸಾದ ಬೋರ್‌ವೆಲ್ ನೀರು. ಆದ್ದರಿಂದ ಗೋಡೆ ಒಡೆದಿರುವಾಗಲೇ ಸಿಂಕಿಗೆ ಎರಡು ಪ್ರತ್ಯೇಕ ಕೊಳವೆಗಳನ್ನು, ಎರಡು ನಲ್ಲಿಗಳನ್ನು ಹಾಕಿಸುವುದು ಜಾಣತನ. ಮುಂದೆ ಟೈಲು ಒಡೆದು ಹಾಕಿಸುವ ಖರ್ಚಿಗೆ ಹೋಲಿಸಿದರೆ ಈಗಿನ ಕೊಳವೆಯ ಬೆಲೆ ಅಲ್ಪ. ತುಂಬಿದ ಕ್ಯಾನು 20 ಕಿಲೋಗೂ ಮಿಕ್ಕಿ ತೂಗುವುದರಿಂದ ಅದನ್ನು ಕಟ್ಟೆಗೆ ಎತ್ತಿ ಬಗ್ಗಿಸುವ ಬದಲು, ಮೊಳಕಾಲೆತ್ತರದ ಕಲ್ಲಿನ ಪೀಠದ ಮೇಲೆ ಒಂದು ತುಂಬಿದ್ದು, ಒಂದು ಬಳಕೆಯಲ್ಲಿರುವುದು ಹೀಗೆ ಎರಡಕ್ಕೆ ಸ್ಥಳ ಗುರುತಿಸಬೇಕು. ಆರ್‌ಒ ಶುದ್ಧೀಕರಣ ಯಂತ್ರ, ಅಂದರೆ ಲವಣವನ್ನು ಸೂಕ್ಷ್ಮ ಪೊರೆಯ ಮೂಲಕ ಸೋಸುವ ಯಂತ್ರ, ತಾನು ಕೊಡುವ ಶುದ್ಧ ನೀರಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ನೀರನ್ನು ಹೊರಚೆಲ್ಲುತ್ತದೆ. ಆ ಕೊಳವೆಯನ್ನು ನೇರ ಚರಂಡಿಗೆ ಬಿಡದೆ ಯುಟಿಲಿಟಿಯ ತೊಟ್ಟಿಗೆ ಒಯ್ದರೆ ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ ಅದು ಸಾಕು. ಬರಗಾಲವನ್ನು ಕಂಡ ನಗರದಲ್ಲಿ ಈ ತೊಟ್ಟಿಯನ್ನು ನಕ್ಷೆಯಲ್ಲಿ ಬರೆಯದ ವಿನ್ಯಾಸವನ್ನು ಪೂರ್ಣವೆಂದು ಒಪ್ಪಲಾಗದು.

ಇನ್ನು ಅಳತೆಯ ವಿಚಾರ. ಊಟದ ಕೋಣೆ ಬೇರೆ ಇರುವ ಮನೆಯ ಅಡುಗೆಕೋಣೆಗೆ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಗೊತ್ತುಪಡಿಸಿದ ಕನಿಷ್ಠ ವಿಸ್ತೀರ್ಣ 5 ಚದರ ಮೀಟರ್, ಕನಿಷ್ಠ ಅಗಲ 1.8 ಮೀಟರ್, ಅಡುಗೆ, ಊಟ ಎರಡೂ ಒಂದೇ ಕಡೆಯಾದರೆ 7.5 ಚದರ ಮೀಟರ್ ಮತ್ತು 2.1 ಮೀಟರ್. ಕಟ್ಟೆಯ ಅಗಲ ಸಾಮಾನ್ಯವಾಗಿ 60 ಸೆಂಟಿಮೀಟರ್ ಆಗಿರುವುದರಿಂದ 1.8 ಮೀಟರ್ ಅಗಲದ ಕೋಣೆಯ ಎರಡೂ ಬದಿಗೆ ಪೂರ್ಣ ಕಟ್ಟೆ ಕಟ್ಟಿದರೆ ನಿಲ್ಲಲು ಉಳಿಯುವುದು ಕೇವಲ 60 ಸೆಂಟಿಮೀಟರ್. ಅಷ್ಟರಲ್ಲಿ ಬಗ್ಗಿ ಡ್ರಾಯರು ಎಳೆಯುವುದೇ ಅಸಾಧ್ಯ. ಅಂಥ ಕೋಣೆಯಲ್ಲಿ ಒಂದು ಬದಿಗೆ ಪೂರ್ಣ ಕಟ್ಟೆ, ಎದುರು ಬದಿಗೆ 30 ಸೆಂಟಿಮೀಟರ್ ಅಗಲದ ಡಬ್ಬಿಗಳ ಕಪಾಟು ಇಟ್ಟರೆ ನಡುವೆ 90 ಸೆಂಟಿಮೀಟರ್ ಸಿಗುತ್ತದೆ. ಎರಡು ಡಬ್ಬಿಗಳ ಹಿಂದೆ ಮೂರನೆಯದು ಅಡಗದ ಈ ಕಿರಿದಾದ ಕಪಾಟು, ಬೇಳೆಕಾಳು, ಸಾರಿನ ಪುಡಿಗಳ ವಿಷಯದಲ್ಲಿ ಆಳವಾದ ಕಪಾಟಿಗಿಂತ ಉಪಯುಕ್ತವೂ ಹೌದು. ಇಬ್ಬರು ಏಕಕಾಲಕ್ಕೆ ಕೆಲಸ ಮಾಡುವ ಮನೆಯಲ್ಲಿ ನಡುವಿನ ಅಂತರ 1.2 ಮೀಟರಿಗೆ ಕಡಿಮೆಯಾಗಬಾರದು.

ಕಟ್ಟೆಯ ಎತ್ತರದಲ್ಲಿ ಆಗುವ ತಪ್ಪು ಇನ್ನೂ ಕ್ರೂರವಾದದ್ದು, ಏಕೆಂದರೆ ಅದರ ಪರಿಣಾಮ ಹೆಗಲು, ಸೊಂಟಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಡುಗೆ ಮಾಡುವವರು ನೇರವಾಗಿ ನಿಂತು ಮೊಣಕೈ ಮಡಚಿದಾಗ ಅದು ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೋ ಅದಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಕಟ್ಟೆಯ ಮೇಲ್ಮೈ ಇರಬೇಕೆಂಬುದು ನಿಯಮ. ಐದಡಿ ಎತ್ತರದ ಮಹಿಳೆಗೆ ಈ ಲೆಕ್ಕದಲ್ಲಿ 32ರಿಂದ 34 ಅಂಗುಲ ಬರುತ್ತದೆ. ವಿದೇಶಿ ಅಳತೆಯ 36 ಅಂಗುಲದ ಕಪಾಟುಗಳನ್ನು ಹಾಗೆಯೇ ತಂದು ನಿಲ್ಲಿಸಿದರೆ ಆಕೆ ದಿನವಿಡೀ ಹೆಗಲೆತ್ತಿ ಹೆಚ್ಚಬೇಕಾಗುತ್ತದೆ. ಒಲೆಯ ಮೇಲಿನ ಪಾತ್ರೆಯ ಎತ್ತರ ಸೇರುವುದರಿಂದ ಒಲೆಯ ಕೆಳಗಿನ ಕಟ್ಟೆ ಎರಡು-ಮೂರು ಅಂಗುಲ ತಗ್ಗಿರುವುದೂ, ಸಿಂಕಿನ ತಳ ಕೆಳಗಿರುವುದರಿಂದ ಅಲ್ಲಿ ಕಟ್ಟೆ ತುಸು ಏರಿರುವುದೂ ಉತ್ತಮ. ಒಲೆಗೂ ಸಿಂಕಿಗೂ ನಡುವೆ ಕನಿಷ್ಠ ಎರಡು ಅಡಿ ಕಟ್ಟೆ ಬಿಟ್ಟರೆ ಹೆಚ್ಚಲು ಜಾಗವಾಗುತ್ತದೆ, ಕಾದ ಎಣ್ಣೆಗೆ ನೀರು ಸಿಡಿಯುವ ಭಯವೂ ತಪ್ಪುತ್ತದೆ. ಒಲೆಯ ಮತ್ತೊಂದು ಪಕ್ಕದಲ್ಲಿ ಕುಕ್ಕರು ಇಳಿಸಿಡಲು ಒಂದೂವರೆ ಅಡಿ ಬೇಕೇ ಬೇಕು. ಗ್ರೈಂಡರು, ಮಿಕ್ಸಿಗಳ ಸ್ಥಾನ ಸಿಂಕಿನ ಇನ್ನೊಂದು ಬದಿಗೆ, ಕಟ್ಟೆಗಿಂತ ಅರ್ಧ ಅಡಿ ತಗ್ಗಿನಲ್ಲಿ, ಬಳಸಿದ ಮೇಲೂ ಎತ್ತಿಡದೆ ಅಲ್ಲೇ ತೊಳೆಯುವಂತೆ ಇರಲಿ.

ಬೆಂಕಿ ಮತ್ತು ಗಾಳಿಯ ಪ್ರಶ್ನೆಯಲ್ಲಿ ಅನೇಕ ಕುಟುಂಬಗಳು ವಾಸ್ತುವಿನ ಆಗ್ನೇಯ ಮೂಲೆಯಿಂದಲೇ ಚರ್ಚೆ ಆರಂಭಿಸುತ್ತವೆ. ಕಡಲಿನಿಂದ ಸುಮಾರು 10 ಕಿಲೋಮೀಟರ್ ಒಳಗಿರುವ ಕೋಯಂಬೇಡಿನ ಮಟ್ಟಿಗೆ ಆ ಮೂಲೆಯ ಗುಣದೋಷ ಗಡಿಯಾರದ ಪ್ರಕಾರ ಬದಲಾಗುತ್ತದೆ. ಬೇಸಿಗೆಯ ಬೆಳಗಿನಲ್ಲಿ ಗಾಳಿ ಸಾಮಾನ್ಯವಾಗಿ ನೆಲದ ಕಡೆಯಿಂದ, ಎಂದರೆ ಪಶ್ಚಿಮದಿಂದ ಬೀಸುವುದರಿಂದ ಆಗ್ನೇಯದ ಅಡುಗೆಮನೆಯ ಹೊಗೆ ಸಲೀಸಾಗಿ ಹೊರಹೋಗುತ್ತದೆ, ಎಳೆಬಿಸಿಲೂ ಬೀಳುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಪೂರ್ವ-ಆಗ್ನೇಯದಿಂದ ನುಗ್ಗಿದಾಗ ಅದೇ ಕಿಟಕಿಯಿಂದ ಒಳಬಂದು ಒಗ್ಗರಣೆಯ ಘಾಟನ್ನು ಮಲಗುವ ಕೋಣೆಗೆ ತಳ್ಳುತ್ತದೆ. ಒಲೆಯನ್ನು ನಂಬಿಕೆಯಂತೆ ಅಲ್ಲೇ ಇಟ್ಟುಕೊಂಡರೂ, ಹೊಗೆ ಎಳೆಯುವ ಎಕ್ಸಾಸ್ಟ್ ಫ್ಯಾನನ್ನು ಪೂರ್ವದ ಗೋಡೆಯಲ್ಲಿ ಗಾಳಿಗೆ ಎದುರಾಗಿ ಕೂರಿಸದೆ ದಕ್ಷಿಣದ ಗೋಡೆಯ ಮೇಲ್ಭಾಗದಲ್ಲಿ, ಮುಚ್ಚುವ ರೆಕ್ಕೆಗಳ ಸಮೇತ ಕೂರಿಸುವುದರಿಂದ ಶಾಸ್ತ್ರ, ಗಾಳಿ ಎರಡಕ್ಕೂ ಮರ್ಯಾದೆ ಸಲ್ಲುತ್ತದೆ. ಉರಿ ಆರಿಹೋಗುವ ಅಪಾಯವಿರುವುದರಿಂದ ಒಲೆಯನ್ನು ಕಿಟಕಿಯ ನೇರಕ್ಕೆ ಇಡಬಾರದು. ಚಿಮಣಿ ಹಾಕಿಸುವುದಾದರೆ ಒಲೆಯಿಂದ 65ರಿಂದ 75 ಸೆಂಟಿಮೀಟರ್ ಎತ್ತರದಲ್ಲಿ, ತಿರುವು ಕಡಿಮೆಯಿರುವ ನೇರ ಕೊಳವೆಯೊಂದಿಗೆ ಹಾಕಿಸಬೇಕು. ಹೊರಗೆ ಕೊಳವೆಯೇ ಇಲ್ಲದೆ ಗಾಳಿಯನ್ನು ಇದ್ದಿಲಿನಲ್ಲಿ ಸೋಸಿ ಕೋಣೆಗೇ ಮರಳಿಸುವ ಚಿಮಣಿ ಜಿಡ್ಡನ್ನೂ ವಾಸನೆಯನ್ನೂ ಸ್ವಲ್ಪ ಹಿಡಿದೀತು, ಉಗಿಯನ್ನೂ ಸೆಕೆಯನ್ನೂ ಹೊರಗಟ್ಟಲಾರದು. ಚೆನ್ನೈನಲ್ಲಿ ಕಾಡುವುದು ಅವೆರಡೇ.

ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲಿ ಮಡುಗಟ್ಟುತ್ತದೆ. 14.2 ಕಿಲೋ ಅನಿಲದ ಸಿಲಿಂಡರನ್ನು ಕಪಾಟಿನೊಳಗೆ ಮುಚ್ಚಿಡುವ ಹೊಸ ವಿನ್ಯಾಸಗಳಲ್ಲಿ ಕಪಾಟಿನ ಬಾಗಿಲಿಗೆ ಬುಡದಲ್ಲೇ ಗಾಳಿಕಂಡಿ ಇರಲೇಬೇಕು, ಕೋಣೆಯಿಂದ ಹೊರಕ್ಕೂ ನೆಲಮಟ್ಟದ ಒಂದು ಕಂಡಿ ಇರಬೇಕು. ಸಿಲಿಂಡರು ನೆಟ್ಟಗೆ, ಒಲೆಗಿಂತ ಕೆಳಮಟ್ಟದಲ್ಲಿ ನಿಲ್ಲಬೇಕು. ಒಂದೂವರೆ ಮೀಟರಿಗೆ ಮೀರದ ರಬ್ಬರ್ ನಳಿಕೆ ಎಲ್ಲ ಕಡೆಯೂ ಕಣ್ಣಿಗೆ ಕಾಣುವಂತಿರಬೇಕು, ಐದು ವರ್ಷಕ್ಕೊಮ್ಮೆ ಬದಲಾಗಬೇಕು. ತುಂಬಿದ ಸಿಲಿಂಡರು 30 ಕಿಲೋ ಆಸುಪಾಸು ತೂಗುವುದರಿಂದ ಅದನ್ನು ಉರುಳಿಸಿ ತರುವ ದಾರಿಯಲ್ಲಿ ಹೊಸ್ತಿಲ ಅಡ್ಡಿ ಇರಬಾರದು. ವಿದ್ಯುತ್ತಿನ ವಿಷಯ ಇಷ್ಟು ವಿಸ್ತಾರವಾದದ್ದಲ್ಲ: 2000 ವ್ಯಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುವುದರಿಂದ ಅದಕ್ಕೆ, ಓವನ್ನಿಗೆ ತಲಾ ಒಂದು 16 ಆಂಪಿಯರ್ ಸಾಕೆಟ್ಟು, ಗ್ರೈಂಡರು, ಮಿಕ್ಸಿಗೆ 6 ಆಂಪಿಯರ್ ಸಾಕು, ಇವೆಲ್ಲ ಸಿಂಕಿನಿಂದ ದೂರದಲ್ಲಿ, ಕಟ್ಟೆಗಿಂತ ಒಂದಡಿ ಮೇಲೆ ಇರಲಿ, ಸೋರಿಕೆ ವಿದ್ಯುತ್ ಹರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಮಾತ್ರ ಯಾವ ಕಾರಣಕ್ಕೂ ತಪ್ಪಬಾರದು.

ಸಾಮಗ್ರಿಯ ಆಯ್ಕೆಯಲ್ಲಿ ಊರಿನ ಹವೆಗೆ ತಲೆಬಾಗುವುದೇ ಸರಿ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ಸಿಂಕಿನ ಕೆಳಗೆ ನೀರು ಜಿನುಗಿದೊಡನೆ ಊದಿ ಸಡಿಲಾಗುತ್ತದೆ. ಹಲಗೆಯೇ ಬೇಕೆಂದರೆ ಕುದಿನೀರನ್ನು ತಡೆಯುವ, ಐಎಸ್ 710 ಗುರುತಿರುವ ಪ್ಲೈವುಡ್ ಆಗಬಹುದು. ಕೂವಂ ನದಿಗೂ ವಿರುಗಂಬಾಕ್ಕಂ-ಅರುಂಬಾಕ್ಕಂ ಕಾಲುವೆಗೂ ಸಮೀಪದ ತಗ್ಗು ಬೀದಿಗಳ ನೆಲಮಹಡಿಯಲ್ಲಿ ವಾಸಿಸುವವರು 2015ರ ಡಿಸೆಂಬರಿನ ಪ್ರವಾಹವನ್ನು ನೆನಪಿಟ್ಟುಕೊಂಡು ಕೆಳಗಿನ ಸಾಲಿನಲ್ಲಿ ಹಲಗೆಯನ್ನೇ ಬಿಡುವುದು ಲೇಸು. ಕಡಪ ಕಲ್ಲಿನ ನಿಲುವು, ಅಡ್ಡಪಟ್ಟಿಗಳನ್ನು ಗಾರೆಯಲ್ಲಿ ಕಟ್ಟಿ, ಮೇಲೆ ಗ್ರಾನೈಟು ಹಾಸಿ, ಮುಂದೆ ಮಾತ್ರ ಅಲ್ಯೂಮಿನಿಯಂ ಅಥವಾ ಉಕ್ಕಿನ ಚೌಕಟ್ಟಿನ ಬಾಗಿಲು ಕೂರಿಸುವ ಹಳೆಯ ಕ್ರಮ ಅಂಗಡಿಯ ಚಿತ್ರಗಳಲ್ಲಿ ಕಾಣಸಿಗದಿದ್ದರೂ, ಗೆದ್ದಲು, ತೇವ, ಪ್ರವಾಹ ಮೂರನ್ನೂ ತಾಳಿಕೊಳ್ಳುವುದರಲ್ಲಿ ಅದಕ್ಕೆ ಸಾಟಿಯಾದದ್ದು ಕಡಿಮೆ.

ಫ್ಲ್ಯಾಟಿನ ದುರಸ್ತಿಯಲ್ಲಿ ಸರಿಸಬಹುದಾದದ್ದು, ಸರಿಸಬಾರದ್ದು ಎಂಬ ಭೇದವನ್ನು ಮೊದಲೇ ತಿಳಿಯಬೇಕು. ಬಳಸಿದ ನೀರಿನ ಕೊಳವೆಗೆ ಒಂದು ಮೀಟರಿಗೆ ಸುಮಾರು 2.5 ಸೆಂಟಿಮೀಟರ್ ಇಳಿಜಾರು ಬೇಕಾಗುವುದರಿಂದ ಸಿಂಕನ್ನು ಅದೇ ಗೋಡೆಯ ಉದ್ದಕ್ಕೆ ಸರಿಸುವುದು ಸುಲಭ, ಕೊಳವೆ ಕಟ್ಟೆಯ ಕೆಳಗೇ ಹಾದುಹೋಗುತ್ತದೆ. ಎದುರು ಗೋಡೆಗೆ ಒಯ್ಯಬೇಕಾದರೆ ನೆಲ ಅಗೆಯಬೇಕು, ಅಗೆದರೆ ಕೆಳಮನೆಯ ಚಾವಣಿಗೆ ನೀರು ಜಿನುಗುವ ದಾರಿ ತೆರೆಯುತ್ತದೆ. ಹಳೆಯ ಕಟ್ಟಡಗಳ ಒಂಬತ್ತಂಗುಲದ ಇಟ್ಟಿಗೆ ಗೋಡೆ ಮಹಡಿಯ ಭಾರವನ್ನು ಹೊತ್ತಿರಬಹುದಾದ್ದರಿಂದ, ಅಡುಗೆಮನೆಯನ್ನು ನಡುಮನೆಗೆ ತೆರೆಯುವ ಉತ್ಸಾಹದಲ್ಲಿ ಅದನ್ನು ಕೆಡಹುವ ಮುನ್ನ ಕಟ್ಟಡ ಎಂಜಿನಿಯರರ ಲಿಖಿತ ಅಭಿಪ್ರಾಯವನ್ನೂ ನಿವಾಸಿಗಳ ಸಂಘದ ಒಪ್ಪಿಗೆಯನ್ನೂ ಪಡೆಯಬೇಕು. ಮೇಸ್ತ್ರಿಯ ಬಾಯಿಮಾತು ಇಲ್ಲಿ ಸಾಲದು. ಕೆಲಸದ ಕಾಲವಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆಯ ತಿಂಗಳುಗಳನ್ನು ಬಿಡುವುದು ಒಳ್ಳೆಯದು, ಆ ತೇವದಲ್ಲಿ ಗಾರೆಯೂ ಬಣ್ಣವೂ ಒಣಗುವುದಿಲ್ಲ. ಒಡೆಯುವ ಕೆಲಸ ಮುಗಿದ ದಿನ, ಇನ್ನೂ ಏನನ್ನೂ ಕಟ್ಟದ ಬರಿಯ ನೆಲದ ಮೇಲೆ ಕಟ್ಟೆ, ಸಿಂಕು, ಗ್ರೈಂಡರು, ಕ್ಯಾನು, ಸಿಲಿಂಡರುಗಳ ಸ್ಥಾನವನ್ನು ಸೀಮೆಸುಣ್ಣದಿಂದ ನಿಜ ಅಳತೆಯಲ್ಲಿ ಗೆರೆ ಹಾಕಿ, ಅಲ್ಲಿ ಅಡುಗೆ ಮಾಡಲಿರುವವರೇ ನಿಂತು ಒಂದು ದಿನದ ಅಡುಗೆಯ ಚಲನೆಗಳನ್ನು ಮಾಡಿನೋಡಬೇಕು. ಬದಲಾವಣೆ ಆಗಬೇಕಾದದ್ದು ಆ ಗೆರೆಗಳಲ್ಲಿ. ಅನಂತರ ಕೊಳವೆ, ತಂತಿಗಳನ್ನು ಗೋಡೆಯೊಳಗೆ ಹಾಯಿಸಿ, ಕೊಳವೆಗಳಲ್ಲಿ ಒತ್ತಡದ ನೀರು ತುಂಬಿ ಒಂದು ರಾತ್ರಿ ಸೋರದೆ ನಿಂತಿತೆಂದು ಖಚಿತಪಡಿಸಿಕೊಂಡು, ಪ್ರತಿ ಗೋಡೆಯ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆದಿಟ್ಟ ಮೇಲೆಯೇ ಟೈಲು ಅಂಟಿಸಲು ಬಿಡಬೇಕು, ಏಕೆಂದರೆ ಮುಂದೊಂದು ದಿನ ಕಪಾಟಿಗೆ ಮೊಳೆ ಹೊಡೆಯುವವರಿಗೆ ಕೊಳವೆ ಎಲ್ಲಿದೆ ಎಂದು ಹೇಳಬಲ್ಲದ್ದು ಆ ಫೋಟೊ ಒಂದೇ.